ಇಥಿಯೋಪಿಯಾದಲ್ಲಿ ಮೇಷ್ಟ್ರ ಅಡುಗೆಮನೆ, ಹಿತ್ತಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಇಥಿಯೋಪಿಯಾದ ಬಗ್ಗೆಯೇ ಇದ್ದವು. ಹಾಗಾಗಿ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಿಂದಲೂ ಆ ದೇಶ ಭಾರತದ ಮೇಷ್ಟ್ರುಗಳನ್ನು ಕರೆಸಿಕೊಳ್ಳುತ್ತಾ ಬಂದಿದೆ. ಅಲ್ಲಿನ ವಯಸ್ಸಾದವರನ್ನು ಮಾತಾಡಿಸಿದರೆ 'ನನಗೆ ಲೆಕ್ಕ ಕಲಿಸಿದ್ದು ಇಂಡಿಯಾದ ಮೇಷ್ಟ್ರು' ಅನ್ನುವವರು ಸಿಗುತ್ತಾರೆ. 2000ದ ನಂತರ ಹೊಸ ವಿಶ್ವವಿದ್ಯಾಲಯಗಳು ಸಾಲಾಗಿ ಶುರುವಾದಾಗ ನಮ್ಮ ಉಪನ್ಯಾಸಕರೂ ತುಂಬಾ ಜನ ಹೋದರು. ನಾನೂ ಹಾಗೆ ಹೋದವಳು. ತಾನಾ ಸರೋವರದ ದಡದ ಬಹಿರ್ ದಾರ್‌ನಲ್ಲಿ ಪಾಠ ಮಾಡಿದ್ದೇನೆ, ಮನೆ ಹಿಂದೆ ಸೊಪ್ಪು ಬೆಳೆದಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಪ್ರ: ನಮಸ್ಕಾರ ಅಮ್ಮಾ. ನನ್ನ ಮಗನಿಗೆ ಜಿಮ್ಮಾದಲ್ಲಿ ಉಪನ್ಯಾಸಕನ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಹೊರಡುತ್ತಾನೆ. ಅಕ್ಕಿ, ಬೇಳೆ, ರಾಗಿಹಿಟ್ಟು, ಮೆಣಸಿನಪುಡಿ ಎಲ್ಲ ಕಟ್ಟಿಡುತ್ತಿದ್ದೇನೆ. ಇನ್ನೇನು ಕಳಿಸಬೇಕು? — ಒಬ್ಬ ತಾಯಿ, ಹಾಸನ

ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಕಟ್ಟಿಟ್ಟಿದ್ದರಲ್ಲಿ ಮುಕ್ಕಾಲು ಪಾಲನ್ನು ಈಗಲೇ ಬಿಚ್ಚಿಬಿಡಿ. ಅಕ್ಕಿ ಅಲ್ಲಿ ಸಿಗುತ್ತದೆ. ಮೆಣಸಿನಕಾಯಿಯಂತೂ ಆ ದೇಶದ ಜೀವಾಳ, ಅವರ ಬೆರ್ಬೆರೆ ಪುಡಿ ನಮ್ಮ ಬ್ಯಾಡಗಿಯ ಬಣ್ಣಕ್ಕೂ ಗುಂಟೂರಿನ ಖಾರಕ್ಕೂ ಸೋಲುವುದಿಲ್ಲ. ಸಾಸಿವೆ, ಮೆಂತ್ಯ, ಕೊತ್ತಂಬರಿ ಬೀಜ, ಅರಿಶಿನ, ಓಮ, ಶುಂಠಿ, ಬೆಳ್ಳುಳ್ಳಿ ಎಲ್ಲ ಸಂತೆಯಲ್ಲಿ ರಾಶಿ ಹಾಕಿ ಮಾರುತ್ತಾರೆ. ಜಿಮ್ಮಾ ಅಂದರೆ ಕಾಫಿ ಸೀಮೆ, ಒಳ್ಳೆಯ ಮಳೆ ಬೀಳುವ ಹಸಿರು ನಾಡು. ಅದರ ಆಚೆ ಟೆಪಿ ಕಡೆ ಕರಿಮೆಣಸು, ಏಲಕ್ಕಿ ಕೂಡ ಬೆಳೆಯುತ್ತಾರೆ. ಹುಡುಗ ಮಲೆನಾಡಿಗೆ ಹೋಗುತ್ತಿದ್ದಾನೆ ಅಂದುಕೊಳ್ಳಿ.

ಕಳಿಸಲೇಬೇಕಾದ್ದು ಪ್ರೆಶರ್ ಕುಕ್ಕರ್. ಅದರ ಜೊತೆ ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವು ಹೆಚ್ಚಿಗೆ ಇರಲಿ. ಎತ್ತರದ ಊರುಗಳಲ್ಲಿ ನೀರು ನೂರು ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಜಿಮ್ಮಾ, ಬಹಿರ್ ದಾರ್ ಎತ್ತರದಲ್ಲಿ ಸುಮಾರು 94, ಅಡಿಸ್ ಅಬಾಬಾದಲ್ಲಿ 92ರ ಹತ್ತಿರ. ಬರೀ ಪಾತ್ರೆಯಲ್ಲಿಟ್ಟರೆ ಕಾಳು ಬೇಯುವ ಹೊತ್ತಿಗೆ ಹಸಿವೇ ಸತ್ತುಹೋಗಿರುತ್ತದೆ. ಅನೇಕ ಮನೆಗಳಲ್ಲಿ ಅಡುಗೆ ಕರೆಂಟಿನ ಒಲೆಯ ಮೇಲೆ, ಕರೆಂಟು ಹೋಗುವುದೂ ಇದೆ. ಹಾಗಾಗಿ ತಳ ಚಪ್ಪಟೆ ಇರುವ ಕುಕ್ಕರ್ ನೋಡಿ ಕೊಡಿ.

ಇನ್ನು ಇಂಗು, ಹುಣಸೆಹಣ್ಣು, ನಿಮ್ಮ ಮನೆಯ ಸಾರಿನ ಪುಡಿ, ಒಂದಿಷ್ಟು ಉದ್ದಿನಬೇಳೆ, ಕರಿಬೇವನ್ನು ಹುರಿದು ಮಾಡಿದ ಚಟ್ನಿಪುಡಿ. ತೊಗರಿಬೇಳೆ ರಾಜಧಾನಿಯ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ, ದೂರದ ಊರುಗಳಲ್ಲಿ ಕಷ್ಟ. ಒಂದೆರಡು ಕೆ.ಜಿ. ಹಾಕಿ ಸಾಕು, ಮುಗಿದ ಮೇಲೆ ಅವನು ಮಿಸಿರ್‌ಗೆ ಬರುತ್ತಾನೆ. ಅದು ನಮ್ಮ ಮಸೂರ್ ಬೇಳೆ, ಕೆಲವರು ಚೆನ್ನಂಗಿ ಬೇಳೆ ಅನ್ನುತ್ತಾರಲ್ಲ, ಅದೇ. ಬೇಗ ಬೇಯುತ್ತದೆ, ಸಾರಿಗೆ ಏನೂ ಕಡಿಮೆಯಾಗುವುದಿಲ್ಲ.

ಬಿತ್ತನೆ ಬೀಜ, ಗಿಡ, ಹಸಿ ಎಲೆ ಮಾತ್ರ ಪೆಟ್ಟಿಗೆಯಲ್ಲಿ ಹಾಕಬೇಡಿ. ಪರವಾನಗಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಇಲ್ಲದೆ ಅವನ್ನು ಇನ್ನೊಂದು ದೇಶಕ್ಕೆ ಒಯ್ಯುವಂತಿಲ್ಲ. ಈ ನಿಯಮ ಸುಮ್ನೆ ಮಾಡಿದ್ದಲ್ಲ, ರೋಗ ಹುಳು ಎಲ್ಲ ದಾಟುವುದು ಹೀಗೆಯೇ.

ಪ್ರ: ಅಕ್ಕಾ, ನಾನು ಹುಟ್ಟಾ ಸಸ್ಯಾಹಾರಿ. ಮೊಟ್ಟೆ ಕೂಡ ತಿನ್ನಲ್ಲ. ಅಡಿಸ್ ಅಬಾಬಾದ ಒಂದು ಶಾಲೆಯಲ್ಲಿ ಸೇರಿದ್ದೇನೆ. ಇಲ್ಲಿ ಹಸಿ ಮಾಂಸ ಕೂಡ ತಿನ್ನುತ್ತಾರೆ ಅಂತ ಕೇಳಿ ಹೊರಗೆ ಊಟ ಮಾಡಲು ಭಯ. ದಿನಾ ಬ್ರೆಡ್ಡು, ಬಾಳೆಹಣ್ಣಿನಲ್ಲೇ ಕಾಲ ಹಾಕುತ್ತಿದ್ದೇನೆ. — ವಿಜ್ಞಾನ ಶಿಕ್ಷಕಿ, ಅಡಿಸ್ ಅಬಾಬಾ

ಬ್ರೆಡ್ಡು ಬದಿಗಿಡಮ್ಮ. ಸಸ್ಯಾಹಾರಿಗೆ ಅಷ್ಟು ಅನುಕೂಲದ ಊರು ಹೊರದೇಶದಲ್ಲಿ ಸಿಗುವುದು ಅಪರೂಪ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ವ್ರತ ಮಾಡುತ್ತಾರೆ. ಆ ದಿನ ಮಾಂಸ, ಮೊಟ್ಟೆ ಇರಲಿ, ಹಾಲು ಬೆಣ್ಣೆ ಕೂಡ ಮುಟ್ಟುವುದಿಲ್ಲ. ಈಸ್ಟರ್‌ಗೆ ಮುಂಚೆ 55 ದಿನ ಒಂದೇ ಸಮನೆ ವ್ರತ. ಅದಲ್ಲದೆ ವರ್ಷದಲ್ಲಿ ಬೇರೆ ವ್ರತಗಳೂ ಇವೆ. ಹಾಗಾಗಿ ಅವರ ಅಡುಗೆಯಲ್ಲಿ ಬೇಳೆ, ಕಾಳು, ಸೊಪ್ಪಿನ ಪದಾರ್ಥಗಳ ಒಂದು ದೊಡ್ಡ ಸಂಸಾರವೇ ಬೆಳೆದಿದೆ.

ಹೋಟೆಲಿಗೆ ಹೋಗಿ 'ತ್ಸೋಮ್ ಬೆಯಾಯ್ನೆತು' ಅಂತ ಕೇಳಿ. ವ್ರತದ ಊಟ ಅಂತ ಅರ್ಥವಾಗುತ್ತದೆ. ಅಗಲವಾದ ಇಂಜೆರಾ, ಅಂದರೆ ಹುದುಗಿದ ಹಿಟ್ಟಿನ ದೋಸೆಯಂಥ ಮೆತ್ತನೆಯ ರೊಟ್ಟಿ, ಹಾಸಿ ಅದರ ಮೇಲೆ ಸುತ್ತ ಒಂದೊಂದು ಗುಪ್ಪೆ ಬಡಿಸುತ್ತಾರೆ. ಕೆಂಪಗೆ ಖಾರದ ಮಿಸಿರ್, ಹಳದಿ ಬಟಾಣಿ ಬೇಳೆಯ ಕಿಕ್, ಗೊಮೆನ್ ಸೊಪ್ಪಿನ ಪಲ್ಯ, ಬೀಟ್‌ರೂಟು, ಎಲೆಕೋಸು ಆಲೂಗಡ್ಡೆ, ನಡುವೆ ಶಿರೋ. ಉತ್ತರ ಕರ್ನಾಟಕದವರಿಗೆ ಶಿರೋ ತಿಂದರೆ ಜುಣಕದ ನೆನಪು ಬರದೇ ಇರದು, ಹುರಿದ ಕಡಲೆ ಬಟಾಣಿ ಹಿಟ್ಟನ್ನು ಈರುಳ್ಳಿ ಬೆಳ್ಳುಳ್ಳಿ ಜೊತೆ ಕುದಿಸಿ ಮಾಡಿದ್ದು. ಬಲಗೈಯಲ್ಲಿ ಇಂಜೆರಾ ಚೂರು ಹರಿದು ಬಾಚಿ ತಿನ್ನುವುದು, ಅದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಎರಡು ವಿಷಯ ನೆನಪಿರಲಿ. ವ್ರತವಿಲ್ಲದ ದಿನ ಶಿರೋಗೆ ಬೆಣ್ಣೆ ಹಾಕುತ್ತಾರೆ, 'ಬೊಜೆನಾ ಶಿರೋ' ಅಂದರೆ ಅದರಲ್ಲಿ ಮಾಂಸ ಇರುತ್ತದೆ. ಆದ್ದರಿಂದ ಕೇಳಿಯೇ ತಿನ್ನಿ. ವ್ರತದ ದಿನ ಕೆಲವು ಕಡೆ ಮೀನು ಮಾಡುತ್ತಾರೆ, ಅದನ್ನೂ ಕೇಳಿಕೊಳ್ಳಿ. ಇನ್ನೊಂದು, ಈಸ್ಟರ್ ಆದಮೇಲಿನ 50 ದಿನ ಬುಧವಾರ ಶುಕ್ರವಾರದ ವ್ರತವೂ ಇರುವುದಿಲ್ಲ. ಆಗ ಬೆಯಾಯ್ನೆತು ಸಿಗುವ ಜಾಗ ಕಡಿಮೆಯಾಗುತ್ತದೆ. ಆ ದಿನಗಳಿಗೆ ಶಿರೋ ಪುಡಿ, ಮಿಸಿರ್ ಮನೆಯಲ್ಲಿ ದಾಸ್ತಾನು ಇರಲಿ.

ಯಾರಾದರೂ ಊಟಕ್ಕೆ ಕರೆದು ಪ್ರೀತಿಯಿಂದ ತಮ್ಮ ಕೈಯಾರೆ ನಿಮ್ಮ ಬಾಯಿಗೆ ತುತ್ತಿಡಲು ಬರುತ್ತಾರೆ. ಅದಕ್ಕೆ ಗುರ್ಶಾ ಅನ್ನುತ್ತಾರೆ, ತುಂಬಾ ಗೌರವದ್ದು. ಮೊದಲೇ 'ನನಗೆ ವರ್ಷವಿಡೀ ತ್ಸೋಮ್' ಅಂತ ಹೇಳಿಟ್ಟರೆ ಯಾರಿಗೂ ಬೇಜಾರಾಗುವುದಿಲ್ಲ, ನಿಮಗೆ ಬೇಳೆಯ ತುತ್ತೇ ಬರುತ್ತದೆ. ಆರ್ಥೊಡಾಕ್ಸ್ ಕ್ರೈಸ್ತರ ನಡುವೆ ಈ ಮಾತು ನಡೆಯುತ್ತದೆ, ಸಸ್ಯಾಹಾರ ಅಂತ ವಿವರಿಸುತ್ತಾ ಕೂರುವುದಕ್ಕಿಂತ ಇದು ಸಲೀಸು.

ಪ್ರ: ಮೇಡಂ, ಬಹಿರ್ ದಾರ್‌ಗೆ ಬಂದು ಸ್ವಲ್ಪ ಕಾಲವಾಯಿತು. ಮಂಡ್ಯದವನು ನಾನು, ಮುದ್ದೆ ಇಲ್ಲದೆ ಊಟ ಮಾಡಿದ ಹಾಗೇ ಆಗಲ್ಲ. ಊರಿಂದ ತಂದ ರಾಗಿಹಿಟ್ಟು ಖಾಲಿ. ಪಾರ್ಸೆಲ್ ತರಿಸಲು ಸಿಕ್ಕಾಪಟ್ಟೆ ದುಡ್ಡು. ಏನು ಮಾಡಲಿ?

ನೀವು ರಾಗಿಯ ತವರಿನಲ್ಲೇ ಕೂತಿದ್ದೀರಿ! ರಾಗಿಯನ್ನು ಮೊದಲು ಬೆಳೆಸಿದ್ದು ಪೂರ್ವ ಆಫ್ರಿಕಾದ ಎತ್ತರದ ನಾಡುಗಳಲ್ಲಿ, ಇಥಿಯೋಪಿಯಾ ಉಗಾಂಡಾ ಸೀಮೆಯಲ್ಲಿ. ಅಲ್ಲಿಂದ ಸಾವಿರಾರು ವರ್ಷದ ಹಿಂದೆ ನಮ್ಮ ಕಡೆಗೆ ಬಂತು. ಇವತ್ತಿಗೂ ಗೊಜ್ಜಾಮ್ ಸುತ್ತ, ಅಂದರೆ ನಿಮ್ಮ ಊರಿನ ಅಕ್ಕಪಕ್ಕದ ಹೊಲಗಳಲ್ಲೇ, ರಾಗಿ ಬೆಳೆಯುತ್ತಾರೆ. ಹೆಸರು ದಾಗುಸಾ. ಅವರು ಅದನ್ನು ಟೆಫ್ ಎಂಬ ಪುಟ್ಟ ಕಾಳಿನ ಧಾನ್ಯದ ಜೊತೆ ಬೆರೆಸಿ ಇಂಜೆರಾ ಮಾಡುತ್ತಾರೆ, ಮನೆಯಲ್ಲಿ ಹುದುಗಿಸಿ ಮಾಡುವ ತೆಲ್ಲಾ ಎಂಬ ಬಿಯರಿಗೂ ಬಳಸುತ್ತಾರೆ. ಅಂಗಡಿಯಲ್ಲಿ ಪ್ಯಾಕೆಟ್ ಹುಡುಕಿದರೆ ಸಿಗಲ್ಲ. ಸಂತೆಯ ದಿನ ಕಾಳು ಮಾರುವ ಸಾಲಿಗೆ ಹೋಗಿ. ಚೀಲದ ಬಾಯಿ ಬಿಚ್ಚಿಟ್ಟು ಕೂತಿರುತ್ತಾರೆ. ಕೆಂಪು, ಕಂದು, ಕಪ್ಪು ಛಾಯೆಯದು ಎಲ್ಲ ಇರುತ್ತದೆ. ಕೆಂಪಗಿನದು ತಗೊಳ್ಳಿ, ಮುದ್ದೆಗೆ ನಮ್ಮ ಬಣ್ಣ ಬರುತ್ತದೆ.

ಕಾಳು ಕಣದಿಂದ ನೇರ ಬಂದಿರುತ್ತದೆ, ಮಣ್ಣು ಮರಳು ಇದ್ದೇ ಇರುತ್ತದೆ. ಮೊರದಲ್ಲಿ ಕೇರಿ, ಎರಡು ಮೂರು ನೀರಿನಲ್ಲಿ ತೊಳೆದು, ನೀರಿನಲ್ಲೇ ಗಾಲಿಸಿ ಕಲ್ಲು ತೆಗೆದು, ಬಿಸಿಲಿಗೆ ಹರವಿ. ಮಳೆಗಾಲ ಮುಗಿದ ಮೇಲೆ ಅಲ್ಲಿನ ಬಿಸಿಲು ಚುರುಕು, ಬೇಗ ಒಣಗುತ್ತದೆ. ಚೆನ್ನಾಗಿ ಒಣಗದಿದ್ದರೆ ಹಿಟ್ಟು ಮುಗ್ಗುತ್ತದೆ. ಪ್ರತಿ ಬಡಾವಣೆಗೂ ಗಿರಣಿ ಇರುತ್ತದೆ, 'ವೊಫ್ಚೊ ಬೇತ್' ಅಂತ ಕೇಳಿ. ಅಲ್ಲಿ ಇಡೀ ದಿನ ಟೆಫ್, ಮೆಕ್ಕೆಜೋಳ, ಮೆಣಸಿನಕಾಯಿ ಬೀಸುತ್ತಿರುತ್ತಾರೆ. ಮೆಣಸಿನಕಾಯಿ ಬೀಸಿದ ಕಲ್ಲಿಗೆ ನಿಮ್ಮ ರಾಗಿ ಹಾಕಿದರೆ ಮುದ್ದೆ ಖಾರವಾಗುತ್ತದೆ. ಯಾವ ಕಲ್ಲು ಅಂತ ಕೇಳಿ, ಮೊದಲು ಬೀಳುವ ಒಂದು ಪಾವು ಹಿಟ್ಟನ್ನು ಬೇರೆ ತೆಗೆದಿಡಿ, ಉಳಿದದ್ದು ಶುದ್ಧ.

ಮುದ್ದೆ ಕಟ್ಟುವಾಗ ಆ ಎತ್ತರಕ್ಕೆ ಸ್ವಲ್ಪ ಬದಲಾವಣೆ ಬೇಕು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕಿ, ಚೆನ್ನಾಗಿ ಮರಳಲಿ. ಆಮೇಲೆ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ತೂತು ಮಾಡಿ, ಮುಚ್ಚಿ, ಉರಿ ಸಣ್ಣಗಿಟ್ಟು ಊರಲ್ಲಿ ಬಿಡುವುದಕ್ಕಿಂತ ಜಾಸ್ತಿ ಹೊತ್ತು ಬಿಡಿ. ಗುಡ್ಡೆಯ ಮೇಲೆ ನೀರು ಉಕ್ಕಿ ಬಂದು ಒಣಹಿಟ್ಟು ಕಾಣದ ಹಾಗಾದ ಮೇಲೆ ತಿರುವಿ. ಒದ್ದೆ ಕೈಗೆ ಅಂಟದಿದ್ದರೆ ಬೆಂದಿದೆ. ಕೋಲು ಯಾವ ಬಡಗಿಯೂ ಮಾಡಿಕೊಡುತ್ತಾನೆ.

ಜೊತೆಗೆ ಬಸ್ಸಾರು. ಮಿಸಿರ್ ಕಾಳನ್ನು ಸಿಪ್ಪೆ ಸಮೇತ ತಗೊಳ್ಳಿ, ಗೊಮೆನ್ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಎರಡನ್ನೂ ಬೇಯಿಸಿ ಬಸಿದುಕೊಳ್ಳಿ. ಗೊಮೆನ್ ಎಲೆ ದಪ್ಪ, ನಡುವಿನ ದಂಟು ತೆಗೆಯಿರಿ. ಬಸಿದ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು ರುಬ್ಬಿ ಹಾಕಿ. ಹುಣಸೆಹಣ್ಣು ಇಲ್ಲದಿದ್ದರೆ ಟೊಮೆಟೊ ನಿಂಬೆಹಣ್ಣಿನಲ್ಲೇ ಸುಧಾರಿಸಿಕೊಳ್ಳಿ. ಅಲ್ಲಿನ ಬೆಳ್ಳುಳ್ಳಿ ಎಸಳು ಸಣ್ಣದು, ಘಾಟು ಜಾಸ್ತಿ, ಸಾರಿಗೆ ಹೇಳಿಮಾಡಿಸಿದ್ದು.

ಇನ್ನೊಂದು ಖುಷಿಯ ಸುದ್ದಿ. ನಮ್ಮ ಹುಚ್ಚೆಳ್ಳಿನ ಮೂಲವೂ ಅಲ್ಲೇ. ಅಲ್ಲಿ ನುಗ್ ಅನ್ನುತ್ತಾರೆ, ಮಳೆಗಾಲ ಮುಗಿಯುವ ಹೊತ್ತಿಗೆ ಹೊಲ ಹೊಲವೇ ಹಳದಿ ಹೂವಾಗಿ ನಿಲ್ಲುತ್ತದೆ. ಹುರಿದು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿಕೊಳ್ಳಿ. ಅದರ ಎಣ್ಣೆಯೂ ಸಿಗುತ್ತದೆ, ಆದರೆ ಬೇಗ ಮುಗ್ಗುವಾಸನೆ ಬರುತ್ತದೆ, ಸ್ವಲ್ಪ ಸ್ವಲ್ಪವೇ ತನ್ನಿ. ಜೋಳದ ರೊಟ್ಟಿಯವರಿಗೂ ಹೇಳುತ್ತೇನೆ: ಜೋಳವೂ ಅದೇ ಸೀಮೆಯದು, ಮಶಿಲಾ ಅಂತ ಕೇಳಿ.

ನಿಮ್ಮ ಕಡೆ ಈಚಿನ ವರ್ಷಗಳಲ್ಲಿ, ಅದರಲ್ಲೂ 2023ರಿಂದ, ಗಲಭೆ ಇದೆ. ದೂರದ ಸಂತೆಗೆ ಹೋಗುವ ಮೊದಲು ದಾರಿ ಹೇಗಿದೆ ಅಂತ ಸಹೋದ್ಯೋಗಿಗಳನ್ನು ಕೇಳಿಯೇ ಹೊರಡಿ.

ಪ್ರ: ಕಿಕ್ ಅಂತ ಹಳದಿ ಬೇಳೆ ತಂದೆ. ಪಕ್ಕದ ಮನೆಯ ಉಪನ್ಯಾಸಕರು ನೋಡಿ 'ಇದರಲ್ಲಿ ಗುವಾಯಾ ಸೇರಿದೆ, ತಿನ್ನಬೇಡಿ' ಅಂದರು. ಹಾಗಂದರೇನು? — ಗೊಂದರ್

ಅವರಿಗೆ ಒಂದು ಥ್ಯಾಂಕ್ಸ್ ಹೇಳಿ. ಗುವಾಯಾ ಅಂದರೆ ನಮ್ಮ ಕೇಸರಿ ಬೇಳೆ. ಬರಗಾಲದಲ್ಲೂ ಬೆಳೆಯುವ ಗಟ್ಟಿ ಕಾಳು, ಬಡವರ ಕೈಹಿಡಿಯುವ ಕಾಳು. ಆದರೆ ಅದರಲ್ಲಿ ನರಗಳಿಗೆ ಕೆಟ್ಟದ್ದು ಮಾಡುವ ಅಂಶವಿದೆ. ಬೇರೇನೂ ಇಲ್ಲದೆ ತಿಂಗಳುಗಟ್ಟಲೆ ಅದನ್ನೇ ತಿಂದವರಿಗೆ ಕಾಲು ಸ್ವಾಧೀನ ತಪ್ಪುತ್ತದೆ, ಮತ್ತೆ ಸರಿಹೋಗುವುದಿಲ್ಲ. ಇಥಿಯೋಪಿಯಾದ ಬರಗಾಲಗಳಲ್ಲಿ ಹೀಗಾಗಿದೆ, ನಮ್ಮ ದೇಶದಲ್ಲೂ ಆಗಿ 1961ರಲ್ಲಿ ಮಾರಾಟ ನಿಷೇಧಿಸಿದ್ದರು. ಒಂದು ಹೊತ್ತು ತಿಂದಿದ್ದಕ್ಕೆ ಹೆದರಬೇಡಿ. ದಿನನಿತ್ಯದ ಬೇಳೆಯಾಗಿ ಮಾತ್ರ ಬೇಡ.

ಬೇಳೆ ಒಡೆದ ಮೇಲೆ ಗುರುತು ಹಿಡಿಯುವುದು ಕಷ್ಟ, ಇಡೀ ಕಾಳಿನಲ್ಲಿ ಸುಲಭ. ಬಟಾಣಿ ದುಂಡಗಿರುತ್ತದೆ, ಗುವಾಯಾ ಮೂಲೆ ಮೂಲೆಯಾಗಿ ಒಂದು ಕಡೆ ಚೂಪಾಗಿರುತ್ತದೆ. ಇಡೀ ಬಟಾಣಿ ಕೊಂಡು ಗಿರಣಿಯಲ್ಲಿ ಒಡೆಸಿಕೊಳ್ಳಿ. ಈಗ ತಂದದ್ದನ್ನು ಬಳಸಲೇಬೇಕು ಅಂದರೆ ರಾತ್ರಿಯೆಲ್ಲ ನೆನೆಸಿ ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಬೇಯಿಸಿ ಆ ನೀರನ್ನೂ ಬಸಿಯಿರಿ. ವಿಷ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ.

ಪ್ರ: ಅಡಿಸ್ ಅಬಾಬಾದಲ್ಲಿ ದೋಸೆಹಿಟ್ಟು ಹುದುಗು ಬರುವುದೇ ಇಲ್ಲ. ಮೊಸರೂ ಹೆಪ್ಪಾಗಲ್ಲ. ಎಷ್ಟೋ ಸಲ ಚೆಲ್ಲಿದ್ದೇನೆ.

ರಾತ್ರಿ ಹತ್ತು ಡಿಗ್ರಿಗೆ ಇಳಿಯುವ ಊರಲ್ಲಿ ಹಿಟ್ಟಿಗೂ ಚಳಿ. ಆದರೆ ಅದೇ ಊರಲ್ಲಿ ಮನೆಮನೆಯಲ್ಲೂ ಇಂಜೆರಾ ಹಿಟ್ಟು ಹುದುಗುತ್ತಿದೆ ಅಲ್ವಾ? ಅವರು ಎರಡು ಮೂರು ದಿನ ಬಿಡುತ್ತಾರೆ. ಹಿಂದಿನ ಹಿಟ್ಟಿನ ಮೇಲೆ ನಿಂತ ಹಳದಿ ತಿಳಿಯನ್ನು ತೆಗೆದಿಟ್ಟು ಹೊಸ ಹಿಟ್ಟಿಗೆ ಬೆರೆಸುತ್ತಾರೆ, ಎರ್ಶೊ ಅಂತ ಕರೆಯುತ್ತಾರೆ. ಪಕ್ಕದ ಮನೆಯವರನ್ನು ಒಂದು ಲೋಟ ಎರ್ಶೊ ಕೇಳಿ. ಒಂದೆರಡು ಚಮಚ ನಿಮ್ಮ ದೋಸೆಹಿಟ್ಟಿಗೆ ಹಾಕಿ ಕೈಯಿಂದಲೇ ಕಲಸಿ. ಅವರು ಇಂಜೆರಾ ಹಾಕಿ ಮುಗಿಸಿದ ಮಿತಾದ್, ಅಂದರೆ ಆ ದೊಡ್ಡ ಹೆಂಚು, ತುಂಬಾ ಹೊತ್ತು ಬೆಚ್ಚಗೇ ಇರುತ್ತದೆ. ಬಿಸಿ ಆರಿ ಬೆಚ್ಚಗಾದ ಮೇಲೆ ಅದರ ಮೇಲೆ ಪಾತ್ರೆ ಇಟ್ಟು, ಗಬಿ ಎಂಬ ದಪ್ಪ ಹತ್ತಿ ಹೊದಿಕೆ ಸುತ್ತಿ. ಬೆಳಿಗ್ಗೆ ಹಿಟ್ಟು ಮೇಲೆ ಬಂದಿರುತ್ತದೆ.

ಉದ್ದು ಕಡಿಮೆ ಇದ್ದಾಗ ಟೆಫ್ ಹಿಟ್ಟಿಗೆ ಸ್ವಲ್ಪ ಉದ್ದು ರುಬ್ಬಿ ಸೇರಿಸಿ ದೋಸೆ ಹಾಕಿ. ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ ಉದುರಿಸಿ. ಟೆಫ್‌ನಲ್ಲಿ ಕಬ್ಬಿಣದ ಅಂಶ ಚೆನ್ನಾಗಿದೆ, ರುಚಿಯೂ ಇದೆ, ಅಂಚು ಗರಿಗರಿ ಬರುತ್ತದೆ.

ಮೊಸರಿನ ವಿಷಯದಲ್ಲಿ ಒಂದು ಖಡಕ್ ಮಾತು. ಅಲ್ಲಿನ ಮೊಸರು, ಎರ್ಗೊ, ಸಾಮಾನ್ಯವಾಗಿ ಕಾಯಿಸದ ಹಾಲಿನದು. ಅಲ್ಲಿನ ದನಗಳಲ್ಲಿ ಕ್ಷಯ ಇದೆ, ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ. ಅದರ ಹೆಪ್ಪು ಕೂಡ ಬೇಡ. ಹಾಲನ್ನು ಉಕ್ಕಿ ಬರುವವರೆಗೂ ಕಾಯಿಸಿ, ಡೇರಿಯ ಪ್ಯಾಕೆಟ್ ಮೊಸರಿನಿಂದ ಹೆಪ್ಪು ಹಾಕಿ. ಅದೂ ಇಲ್ಲದಿದ್ದರೆ ಅಜ್ಜಿಯರ ಉಪಾಯ, ಹಸಿಮೆಣಸಿನಕಾಯಿಯ ತೊಟ್ಟು. ಬೆಣ್ಣೆ ಕೊಳ್ಳುವಾಗ 'ಲೆಗಾ ಕಿಬೆ' ಅಂತ ಕೇಳಿ, ಹೊಸ ಬೆಣ್ಣೆ ಕೊಡುತ್ತಾರೆ. ಹಳೆಯದಕ್ಕೆ ಕಮಟು ವಾಸನೆ, ಅವರಿಗೆ ಅದು ಇಷ್ಟ, ನಮ್ಮ ತುಪ್ಪಕ್ಕೆ ಒಗ್ಗುವುದಿಲ್ಲ.

ಪ್ರ: ನಮಗೆ ಕೊಟ್ಟ ಮನೆಯ ಕಾಂಪೌಂಡ್ ಒಳಗೆ ಸ್ವಲ್ಪ ಜಾಗ ಇದೆ. ನಾನೂ ನನ್ನ ಹೆಂಡತಿಯೂ ತರಕಾರಿ ಹಾಕಬೇಕು ಅಂತಿದ್ದೇವೆ. ಯಾವಾಗ, ಏನು, ಹೇಗೆ? ಹೀರೇಕಾಯಿ, ಪಡವಲಕಾಯಿ ಬರುತ್ತದಾ? — ಅಡಿಸ್ ಅಬಾಬಾ

ಮೊದಲು ಮನೆ ಮಾಲೀಕರನ್ನು ಕೇಳಿ. ಗಿಬಿ, ಅಂದರೆ ಆ ಕಾಂಪೌಂಡು, ಎಷ್ಟೋ ಕಡೆ ಎರಡು ಮೂರು ಮನೆಗಳಿಗೆ ಸೇರಿದ್ದು. ನೀರಿನ ಡ್ರಮ್ಮೂ ಹಂಚಿಕೊಂಡದ್ದೇ. ನಲ್ಲಿ ನೀರು ದಿನಾ ಬರುತ್ತದೆ ಅಂತ ನಂಬಿ ತೋಟ ಹಾಕಬೇಡಿ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಒಂದು ಬಕೆಟ್ಟಿಗೆ ಬೀಳಲಿ.

ಎತ್ತರ ನೆನಪಿಡಿ. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1930 ಮೀಟರ್. ಅಡಿಸ್ ಅಬಾಬಾ ಅದಕ್ಕಿಂತ ಸುಮಾರು 400 ಮೀಟರ್ ಮೇಲೆ ಇದೆ. ಹೀರೆ, ಪಡವಲ, ಬೆಂಡೆ, ಅಲಸಂದೆ ಇವೆಲ್ಲ ಬಿಸಿ ಬೇಡುವ ಬಳ್ಳಿ ಗಿಡಗಳು. ಅಡಿಸ್‌ನಲ್ಲಿ ಅವುಗಳ ಆಸೆ ಬಿಡಿ. ಅರ್ಬಾ ಮಿಂಚ್, ದಿರೆ ದಾವಾ, ಗಂಬೆಲ್ಲಾ ಕಡೆ ಇರುವವರು ಧಾರಾಳವಾಗಿ ಬೆಳೆಯಬಹುದು, ಅವು ತಗ್ಗಿನ ಬೆಚ್ಚನೆಯ ಊರುಗಳು. ನಿಮ್ಮ ಮಣ್ಣಿಗೆ ಕ್ಯಾರೆಟ್, ಬೀಟ್‌ರೂಟ್, ಎಲೆಕೋಸು, ಆಲೂಗಡ್ಡೆ, ಬಟಾಣಿ, ಬೆಳ್ಳುಳ್ಳಿ, ಮೂಲಂಗಿ, ಸೊಪ್ಪು. ಊಟಿಯ ತರಕಾರಿ ಅಂತ ನಾವು ಕೊಳ್ಳುತ್ತೇವಲ್ಲ, ಅವೆಲ್ಲ.

ಕಾಲ ಹೀಗಿದೆ. ಜೂನ್‌ನಿಂದ ಸೆಪ್ಟೆಂಬರ್ ದೊಡ್ಡ ಮಳೆ, ಕಿರೆಮ್ತ್. ಅಕ್ಟೋಬರ್‌ನಿಂದ ಜನವರಿ ಒಣ ಚಳಿ. ಫೆಬ್ರವರಿಯಿಂದ ಮೇ ನಡುವೆ ಬೆಲ್ಗ್ ಅನ್ನುವ ಸಣ್ಣ ಮಳೆ ಬಂದು ಹೋಗುತ್ತದೆ. ಹೊಸಬರೆಲ್ಲ ಮಳೆ ಶುರುವಾದ ಖುಷಿಗೆ ಟೊಮೆಟೊ ನೆಡುತ್ತಾರೆ. ಕಿರೆಮ್ತ್‌ನಲ್ಲಿ ಟೊಮೆಟೊ, ಆಲೂಗಡ್ಡೆಗೆ ಅಂಗಮಾರಿ ಬಂದು ಎಲೆ ಕಪ್ಪಾಗಿ ವಾರದೊಳಗೆ ಗಿಡವೇ ಮಲಗುತ್ತದೆ. ಟೊಮೆಟೊ ಸಸಿಯನ್ನು ಸೆಪ್ಟೆಂಬರ್ ಕೊನೆಗೆ, ಮಳೆ ಹಿಂದೆ ಸರಿದ ಮೇಲೆ, ಗೋಡೆಯ ಬಿಸಿಲು ಬೀಳುವ ಕಡೆ ನೆಡಿ. ನವೆಂಬರ್ ಡಿಸೆಂಬರ್ ರಾತ್ರಿ ಚಳಿ ಜೋರು, ತಗ್ಗಿನಲ್ಲಿ ಇಬ್ಬನಿ ಹೆಪ್ಪುಗಟ್ಟುವುದೂ ಉಂಟು, ಗೋಣಿ ಹೊದಿಸಿ. ಮಳೆಗಾಲದಲ್ಲಿ ಗೊಮೆನ್, ಕೊಸ್ತಾ ಹಾಕಿ. ಕೊಸ್ತಾ ದೊಡ್ಡ ಎಲೆಯ ಸೊಪ್ಪು, ಪಾಲಕ್ ಜಾಗಕ್ಕೆ ಬರುತ್ತದೆ. ಹೊರಗಿನ ಎಲೆ ಕಿತ್ತಷ್ಟೂ ಒಳಗಿಂದ ಬರುತ್ತಾ ಇರುತ್ತದೆ. ಆಲಿಕಲ್ಲು ಬೀಳುವ ಊರು ಅದು, ಎಳೆ ಸಸಿಗಳಿಗೆ ಮೇಲೊಂದು ಚಪ್ಪರ ಇರಲಿ.

ಮಡಿ ನೆಲದಿಂದ ಗೇಣುದ್ದ ಎತ್ತರಿಸಿ ಮಾಡಿ. ಊರಿನ ಕೆಲವು ಭಾಗದಲ್ಲಿ ಎರೆಮಣ್ಣು, ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಬಿಜಾಪುರ ಧಾರವಾಡದವರಿಗೆ ಈ ಮಣ್ಣಿನ ಸ್ವಭಾವ ಗೊತ್ತು. ಕೊಳೆತ ಸಗಣಿ ಗೊಬ್ಬರ ಹಾಕಿ, ಅದಕ್ಕೇನೂ ಬರವಿಲ್ಲ.

ಬೀಜಕ್ಕೆ ಎಲ್ಲೂ ಹೋಗಬೇಡಿ. ಸಂತೆಯ ಮಸಾಲೆ ಸಾಲಿನಲ್ಲಿ ಅಬಿಶ್ ಕೇಳಿದರೆ ಮೆಂತ್ಯ, ದಿಂಬಿಲಾಲ್ ಕೇಳಿದರೆ ಕೊತ್ತಂಬರಿ ಬೀಜ. ಹುರಿಯದ, ಹೊಸ ಬೀಜ ಇರಲಿ ಅಷ್ಟೆ. ಕೊತ್ತಂಬರಿಯನ್ನು ಚಪ್ಪಲಿ ಕಾಲಿನಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಚೆಲ್ಲಿ. ಮೆಂತ್ಯ ಒತ್ತಾಗಿ ಬಿತ್ತಿ, ಬೆರಳುದ್ದ ಆದಾಗ ಬೇರು ಸಮೇತ ಕೀಳಿ, ಚಳಿಗೆ ಎಲೆ ದಪ್ಪಗೆ ಬರುತ್ತದೆ. ಅಲ್ಲಿನವರು ಮೆಂತ್ಯದ ಬೀಜವನ್ನಷ್ಟೇ ಬಳಸುವುದು ಜಾಸ್ತಿ, ಸೊಪ್ಪು ತಿನ್ನುವುದು ನೋಡಿ ಅಕ್ಕಪಕ್ಕದವರು ಬೇಲಿ ಹತ್ತಿರ ನಿಂತು ವಿಚಾರಿಸುತ್ತಾರೆ. ಒಂದು ಕಟ್ಟು ಕೊಟ್ಟು ಮೆಂತ್ಯದ ಪಲ್ಯವೋ ಚಪಾತಿಯೋ ರುಚಿ ತೋರಿಸಿ.

ಮಳೆಗಾಲದಲ್ಲಿ ದಂಟಿನ ಜಾತಿಯ ಗಿಡ ಕಳೆಯಾಗಿ ತಾನೇ ಹುಟ್ಟುತ್ತದೆ. ಗುರುತು ಗಟ್ಟಿಯಾಗಿ ಇದ್ದರೆ ಮಾತ್ರ ಕೀಳಿ. ಅದೇ ಜಾಗದಲ್ಲಿ ಉಮ್ಮತ್ತಿಯೂ ಬೆಳೆಯುತ್ತದೆ. ಅನುಮಾನ ಇದ್ದ ಎಲೆ ಸಾರಿಗೆ ಬೇಡ.

ಪ್ರ: ಕರಿಬೇವಿನ ಗಿಡ ಅಲ್ಲಿ ಬದುಕುತ್ತದಾ? — ಹವಾಸಾ

ಹವಾಸಾದಲ್ಲಿ ಬದುಕುತ್ತದೆ, ಅಡಿಸ್‌ನಲ್ಲಿ ಕುಂಡದಲ್ಲಿಟ್ಟು ರಾತ್ರಿ ಒಳಗೆ ತರಬೇಕು, ಚಳಿಗೆ ಚಿಗುರು ನಿಂತುಬಿಡುತ್ತದೆ. ಊರಿಂದ ಕದ್ದು ತರಬೇಡಿ. ಕಿತ್ತಳೆ, ನಿಂಬೆ ಜಾತಿಗೆ ರೋಗ ಹರಡುವ ಸಣ್ಣ ಕೀಟ ಕರಿಬೇವಿನ ಚಿಗುರಿನಲ್ಲೇ ಮೊಟ್ಟೆ ಇಡುತ್ತದೆ. ಒಂದು ಕಡ್ಡಿಗಾಗಿ ಆ ಊರಿನ ತೋಟ ಹಾಳಾಗಬಾರದು. ರಾಜಧಾನಿಯಲ್ಲಿ ಎಷ್ಟೋ ವರ್ಷದಿಂದ ಇರುವ ಭಾರತೀಯ ಕುಟುಂಬಗಳಿವೆ, ಅವರಲ್ಲಿ ಯಾರ ಮನೆಯಲ್ಲಾದರೂ ಗಿಡ ಇದ್ದರೆ ಬುಡದಲ್ಲಿ ಎದ್ದ ಮರಿ ಕೇಳಿ. ಹಣ್ಣು ಸಿಕ್ಕರೆ ತಿರುಳು ತೊಳೆದು ಆ ವಾರದಲ್ಲೇ ಊರಿ, ಒಣಗಿದ ಬೀಜ ಹುಟ್ಟುವುದಿಲ್ಲ.

ಹವಾಸಾ ಬಿರುಕು ಕಣಿವೆಯ ಊರು. ಆ ಸಾಲಿನ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ, ನಮ್ಮ ಕೋಲಾರ, ಪಾವಗಡದ ಹಾಗೆಯೇ. ಬೋರ್‌ವೆಲ್ ನೀರಾದರೆ ಕುಡಿಯಲು, ಅಡುಗೆಗೆ ಬೇರೆ ನೀರು ನೋಡಿಕೊಳ್ಳಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಚಿಕ್ಕ ಮಕ್ಕಳಿದ್ದರಂತೂ ಇದನ್ನು ಮುಂದೂಡಬೇಡಿ.

ಪ್ರ: ನುಗ್ಗೆಸೊಪ್ಪು ಸಿಗುತ್ತದಾ? — ಅರ್ಬಾ ಮಿಂಚ್

ನಿಮ್ಮ ಊರಲ್ಲೇ ಇದೆ. ನುಗ್ಗೆಯ ಅಕ್ಕತಂಗಿಯಂಥ ಮರ, ಎಲೆ ನಮ್ಮದಕ್ಕಿಂತ ದೊಡ್ಡದು, ಶಿಫೆರಾವ್ ಅಂತ ಕೇಳಿ. ಪಕ್ಕದ ಕೊನ್ಸೊ ಜನರ ದಿನನಿತ್ಯದ ಸೊಪ್ಪು ಅದು, ಮನೆ ಮುಂದೆ, ಕಲ್ಲು ಕಟ್ಟಿದ ಮೆಟ್ಟಿಲು ಹೊಲಗಳಲ್ಲಿ ಬೆಳೆಸುತ್ತಾರೆ. ಸ್ವಲ್ಪ ಒಗರು ಜಾಸ್ತಿ, ಬೇಯಿಸಿ ಬಸಿದು ಪಲ್ಯ ಮಾಡಿ.

ಪ್ರ: ಹಳ್ಳಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹೆಡ್‌ಮಾಸ್ಟರು ಶಾಲೆಯ ಹಿಂದಿನ ಜಾಗ ತೋರಿಸಿ 'ಮಕ್ಕಳ ಜೊತೆ ತೋಟ ಮಾಡಿ' ಅಂದಿದ್ದಾರೆ. ನನಗೆ ಕೃಷಿ ಗೊತ್ತಿಲ್ಲ. ಒಪ್ಪಿಕೊಳ್ಳಲಾ?

ಖಂಡಿತ ಒಪ್ಪಿಕೊಳ್ಳಿ. ನಿಮಗೆ ಗೊತ್ತಿಲ್ಲದಿದ್ದರೂ ಮಕ್ಕಳಿಗೆ ಗೊತ್ತು, ಅವರೆಲ್ಲ ರೈತರ ಮಕ್ಕಳು. ಅವರೇ ಮೇಷ್ಟ್ರಾಗಲಿ, ನೀವು ಗಿಡದ ಇಂಗ್ಲಿಷ್ ಹೆಸರು ಹೇಳಿಕೊಡಿ. ನೋಟ್‌ಬುಕ್ಕಿನಲ್ಲಿ ಬಿತ್ತಿದ ದಿನ, ಮೊಳೆತ ದಿನ ಬರೆಸಿ. ಅಲ್ಲಿನ ವರ್ಷಕ್ಕೆ 13 ತಿಂಗಳು, ಹೊಸ ವರ್ಷ ನಮ್ಮ ಸೆಪ್ಟೆಂಬರ್ 11ಕ್ಕೆ, ಗಡಿಯಾರವೂ ಬೆಳಿಗ್ಗೆ ಆರಕ್ಕೆ ಶುರು. ಎರಡೂ ಲೆಕ್ಕದಲ್ಲಿ ಬರೆಸಿದರೆ ಅದೇ ಒಂದು ಒಳ್ಳೆಯ ಪಾಠ.

ನಮ್ಮೂರಿನ ತರಕಾರಿ ತಂದು ಹಾಕುವ ಆಸೆ ಮೊದಲ ವರ್ಷ ಬೇಡ. ಅವರ ಮನೆಯಲ್ಲಿ ಬೇಯುವ ಗೊಮೆನ್, ಕೊಸ್ತಾ, ಬೀಟ್‌ರೂಟ್, ಕ್ಯಾರೆಟ್ ಹಾಕಿ. ಮಗು ಮನೆಗೆ ಒಯ್ದ ಸೊಪ್ಪನ್ನು ಅಮ್ಮ ಅವತ್ತೇ ಒಲೆ ಮೇಲಿಡಬೇಕು, ಆಗಲೇ ತೋಟ ಉಳಿಯುವುದು. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ಮೇಷ್ಟ್ರು ವಾಪಸ್ಸು ಹೋದ ಮೇಲೆ ಒಣಗಿಹೋದ ತೋಟಗಳನ್ನು ನೋಡಿ ಹೊಟ್ಟೆ ಉರಿದಿದೆ. ರಜೆಯಲ್ಲಿ ನೀರು ಹಾಕುವವರು ಯಾರು, ಬೇಲಿ ಯಾರದು, ಬೆಳೆದದ್ದು ಯಾರಿಗೆ, ಈ ಮೂರನ್ನು ಬೀಜ ಹಾಕುವ ಮೊದಲೇ ಊರವರ ಜೊತೆ ಕೂತು ಮಾತಾಡಿ. ಮೇಕೆ ಕತ್ತೆಗಳು ಊರೆಲ್ಲ ಅಡ್ಡಾಡುತ್ತವೆ, ಮುಳ್ಳಿನ ಬೇಲಿ ಇಲ್ಲದೆ ಒಂದು ಎಲೆಯೂ ಉಳಿಯದು.

ತೋಟಕ್ಕೆ ಸಹಾಯ ಮಾಡಿದ ಮನೆಯವರು ಕಾಫಿಗೆ ಕರೆಯುತ್ತಾರೆ. ಎದುರಿಗೇ ಹಸಿ ಬೀಜ ಹುರಿದು, ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕಾಯಿಸಿ ಮೂರು ಸುತ್ತು ಕೊಡುತ್ತಾರೆ. ಮೊದಲ ಲೋಟಕ್ಕೇ ಎದ್ದು ಬರಬೇಡಿ. ಮೂರನೆಯದು ಬರಾಕಾ, ಆಶೀರ್ವಾದದ್ದು, ಅದನ್ನೂ ಕುಡಿದೇ ಏಳಿ. ನಿಮ್ಮ ತೋಟದ ಗೊತ್ತುಗುರಿಯೆಲ್ಲ ಅಲ್ಲೇ ತೀರ್ಮಾನವಾಗುವುದು.

ಪ್ರ: ಒಪ್ಪಂದ ಮುಗಿಯಿತು, ಊರಿಗೆ ಹೊರಟಿದ್ದೇವೆ. ಇಲ್ಲಿನ ದಾಗುಸಾ, ಟೆಫ್, ಹಸಿ ಕಾಫಿಬೀಜ ಸ್ವಲ್ಪ ತಂದು ನಮ್ಮ ಹೊಲದಲ್ಲಿ ಹಾಕಿ ನೋಡುವ ಆಸೆ ನಮ್ಮ ಮಾವನವರಿಗೆ. ತರಬಹುದಾ?

ಮಾವನವರಿಗೆ ನಮಸ್ಕಾರ ತಿಳಿಸಿ, ತರುವಂತಿಲ್ಲ ಅಂತಲೂ ತಿಳಿಸಿ. ಇಥಿಯೋಪಿಯಾ ತನ್ನ ತಳಿಗಳನ್ನು ಕಾನೂನಿನಿಂದ ಕಾಪಾಡಿಕೊಂಡಿದೆ, 2006ರಿಂದ ಅದಕ್ಕೇ ಒಂದು ಕಾಯ್ದೆ ಇದೆ. ಅನುಮತಿ ಇಲ್ಲದೆ ಬಿತ್ತನೆಗೆ ಅಂತ ಹೊರಗೆ ಒಯ್ಯುವುದು ತಪ್ಪು. ಅದು ಅಲ್ಲಿನ ರೈತರು ತಲೆತಲಾಂತರದಿಂದ ಆರಿಸಿ ಉಳಿಸಿಕೊಂಡು ಬಂದ ಬೀಜ, ಹಾಗಾಗಿ ಆ ಕಾಯ್ದೆ ನ್ಯಾಯವಾದದ್ದೇ ಅನ್ನುತ್ತೇನೆ. ಈ ಕಡೆ ಭಾರತಕ್ಕೆ ತರಲೂ ಆಮದು ಪರವಾನಗಿ ಬೇಕು. ರಾಗಿಯಲ್ಲಿ ನಮ್ಮಲ್ಲೇ ಎಷ್ಟೋ ಒಳ್ಳೆಯ ತಳಿಗಳಿವೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಲಿ.

ಹುರಿದ ಕಾಫಿ, ಬೆರ್ಬೆರೆ, ಶಿರೋ ಪುಡಿ ಸಾಮಾನ್ಯವಾಗಿ ಸ್ವಂತ ಬಳಕೆಗೆ ಎಲ್ಲರೂ ತರುತ್ತಾರೆ. ಎಷ್ಟು ಕೆ.ಜಿ. ಬಿಡುತ್ತಾರೆ ಅಂತ ಹೊರಡುವ ಮೊದಲು ಕೇಳಿಕೊಳ್ಳಿ, ಬಿಗಿಯಾಗಿ ಪ್ಯಾಕ್ ಮಾಡಿಸಿ, ಬಿಲ್ ಇಟ್ಟುಕೊಳ್ಳಿ. ಬೆರ್ಬೆರೆಗೆ ಎರಡು ಕವರ್ ಹಾಕಿ, ಇಲ್ಲದಿದ್ದರೆ ಬಟ್ಟೆಗೆಲ್ಲ ಘಾಟು. ಕುಂಡದ ಗಿಡಗಳನ್ನು ಆ ಮನೆಗೆ ಮುಂದೆ ಬರುವ ಮೇಷ್ಟ್ರಿಗೆ ಬಿಡಿ. ಯಾರೂ ಬರುವುದಿಲ್ಲ ಅಂದರೆ ಕಾಂಪೌಂಡಿನ ಕಾವಲುಗಾರರಿಗೆ ಕೊಡಿ, ಯಾವ ಎಲೆ ಯಾವುದಕ್ಕೆ ಅಂತ ಹೇಳಿ ಕೊಡಿ.